ಸೆಕೆ, ಬಿಸಿಲು, ಬಿಸಿಗಾಳಿ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಅರ್ಧ ದಾಟಿದರೆ ಸಾಕು, ನಮ್ಮಲ್ಲಿ ಮಾತು ಶುರುವಾಗುವುದೇ "ಎಂತ ಸೆಕೆ ಮಾರಾಯ್ರೆ" ಅಂತ. ಬಸ್ಸಿನಲ್ಲಿ, ಮದುವೆ ಚಪ್ಪರದಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಜನ ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಹೆಚ್ಚು ಸಲ ಬಂದ ಪ್ರಶ್ನೆಗಳು ಇಲ್ಲಿವೆ, ಅವರು ಕೇಳಿದ ಧಾಟಿಯಲ್ಲೇ. ನಾನು ಡಾಕ್ಟರ್ ಅಲ್ಲ. ಕುಮಟಾದಲ್ಲಿ ಕೂತು ಗಾಳಿ, ಥರ್ಮಾಮೀಟರ್ ನೋಡುವ ಚಟ ಇರುವವನು ಅಷ್ಟೇ.

## ಮೊದಮೊದಲ ಪ್ರಶ್ನೆಗಳು

ಕಲಬುರಗಿಯಲ್ಲಿ 42 ಡಿಗ್ರಿ ಇರ್ತದೆ. ನಮ್ಮಲ್ಲಿ 34. ಆದ್ರೂ ನಾವೇ ಜಾಸ್ತಿ ಒದ್ದಾಡೋದು ಯಾಕೆ?

ಮೈ ತಂಪಾಗುವುದು ಬೆವರು ಬಂದಾಗ ಅಲ್ಲ, ಬೆವರು ಆರಿದಾಗ. ಕಲಬುರಗಿಯ ಗಾಳಿ ಒಣ. ಅಲ್ಲಿ ಬೆವರು ಬಂದದ್ದೇ ತಿಳಿಯದ ಹಾಗೆ ಆರಿಹೋಗುತ್ತದೆ. ನಮ್ಮ ಗಾಳಿಯಲ್ಲಿ ಆಗಲೇ ನೀರಿನ ಅಂಶ ತುಂಬಿರುತ್ತದೆ, ಬೆವರಿಗೆ ಹೋಗಲು ಜಾಗವೇ ಇಲ್ಲ. ಅದು ಬೆನ್ನ ಮೇಲೆ ಇಳಿದು ಅಂಗಿ ಒದ್ದೆ ಮಾಡುತ್ತದೆ, ತಂಪು ಮಾತ್ರ ಸಿಗುವುದಿಲ್ಲ.

ಲೆಕ್ಕದಲ್ಲಿ ಹೇಳುವುದಾದರೆ, 34 ಡಿಗ್ರಿ ಬಿಸಿಯ ಜೊತೆ ಗಾಳಿಯ ತೇವ ಶೇ. 70 ಇದ್ದರೆ ಮೈಗೆ ಅದು ಸುಮಾರು 47 ಡಿಗ್ರಿಯ ಹಾಗೆ ಅನಿಸುತ್ತದೆ. ಅದೂ ನೆರಳಿನಲ್ಲಿ! ಇದನ್ನೇ ಹೀಟ್ ಇಂಡೆಕ್ಸ್ ಅನ್ನುವುದು. ನಮ್ಮ ಹಿರಿಯರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಅದಕ್ಕೇ 'ಬಿಸಿಲು' ಬೇರೆ, 'ಸೆಕೆ' ಬೇರೆ. ಮೋಡ ಮುಸುಕಿ ಬಿಸಿಲೇ ಇಲ್ಲದ ದಿನವೂ ಸೆಕೆ ಇರಬಹುದು.

ಸಮುದ್ರ ಪಕ್ಕದಲ್ಲೇ ಇದೆ. ಮತ್ತೆ ಫೆಬ್ರವರಿ, ಮಾರ್ಚಲ್ಲೇ ಬೆಂಕಿ ಸುರಿದ ಹಾಗೆ ಆಗೋದು ಹೇಗೆ?

ನನಗೆ ಅತಿ ಇಷ್ಟದ ಪ್ರಶ್ನೆ ಇದು. ಉತ್ತರ ಇರುವುದು ಗಾಳಿಯ ದಿಕ್ಕಿನಲ್ಲಿ.

ಮಾಮೂಲಿ ದಿನ ಬೆಳಿಗ್ಗೆ ಬಿಸಿಲೇರುತ್ತಿದ್ದ ಹಾಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಹತ್ತು, ಹನ್ನೊಂದು ಗಂಟೆಗೆಲ್ಲ ಪಡುಗಾಳಿ ಬಂದರೆ ಆ ದಿನ ಬಚಾವ್. ಬಿಸಿ 32-33ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಫೆಬ್ರವರಿ, ಮಾರ್ಚಿನ ಕೆಲವು ದಿನ ಘಟ್ಟದ ಕಡೆಯಿಂದ ಮೂಡಗಾಳಿ ಜೋರಾಗಿ ಬೀಸುತ್ತದೆ. ಅದು ಕಡಲ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಬಯಲುಸೀಮೆಯಲ್ಲಿ ಒಣಗಿ ಬಂದ ಗಾಳಿ ಅದು. ಸಾಲದ್ದಕ್ಕೆ ಘಟ್ಟ ಇಳಿಯುವಾಗ ಇನ್ನೂ ಕಾಯುತ್ತದೆ. ಒಣ ಗಾಳಿ ಕೆಳಗಿಳಿದಾಗ ಒತ್ತಡ ಹೆಚ್ಚಿ, ಪ್ರತಿ 100 ಮೀಟರಿಗೆ ಹತ್ತಿರ ಹತ್ತಿರ ಒಂದು ಡಿಗ್ರಿ ಬಿಸಿ ಏರುತ್ತದೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ 32 ಡಿಗ್ರಿ ಇದ್ದ ಗಾಳಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವಾಗ 38 ಆಗಿರಬಹುದು. ಯಾರೂ ಬೆಂಕಿ ಹಚ್ಚಬೇಕಾಗಿಲ್ಲ.

ಇದನ್ನು ಕಣ್ಣಾರೆ ನೋಡಬೇಕಿದ್ದರೆ ಅಂಥ ದಿನ ಕಾರವಾರದ ಬೈತಖೋಲ್ ಬಂದರಿಗೆ ಹೋಗಿ. ಒಮ್ಮೆ ಮಾರ್ಚಿನಲ್ಲಿ ಅಲ್ಲಿ ನಿಂತಿದ್ದೆ. ಬೋಟುಗಳ ತುದಿಯ ಬಾವುಟಗಳೆಲ್ಲ ಕಡಲ ಕಡೆ ಚಾಚಿದ್ದವು. ಬಲೆ ಹೊಲಿಯುತ್ತಿದ್ದವರ ಹಣೆಯಲ್ಲಿ ಬೆವರೇ ಇಲ್ಲ, ತುಟಿ ಮಾತ್ರ ಒಡೆದಿತ್ತು. ಎರಡು ಗಂಟೆ ಹೊತ್ತಿಗೆ ಬಾವುಟಗಳು ಒಮ್ಮೆ ಜೋಲು ಬಿದ್ದವು. ಐದು ನಿಮಿಷ ಏನೂ ಇಲ್ಲ. ಆಮೇಲೆ ಒಂದೊಂದಾಗಿ ಊರ ಕಡೆ ತಿರುಗಿದವು. ಬಲೆಯವರಲ್ಲಿ ಒಬ್ಬ ತಲೆ ಎತ್ತದೆ "ಬಂತು" ಅಂದ. ಅಷ್ಟೇ. ಕಾಲು ಗಂಟೆಯಲ್ಲಿ ಬಿಸಿ ಇಳಿದದ್ದು ಮೈಗೇ ಗೊತ್ತಾಯಿತು.

ಹಾಗಾದ್ರೆ ವರ್ಷದ ಕೆಟ್ಟ ತಿಂಗಳು ಯಾವುದು, ಮಾರ್ಚಾ ಮೇ ತಿಂಗಳಾ?

ಎರಡೂ, ಬೇರೆ ಬೇರೆ ಕಾರಣಕ್ಕೆ. ಥರ್ಮಾಮೀಟರ್ ಅತಿ ಮೇಲೆ ಹೋಗುವುದು ಹೆಚ್ಚಾಗಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲವರೆಗೆ, ಮೂಡಗಾಳಿ ಇರುವ ದಿನ. ಅದು ಒಣ ಬಿಸಿ. ರಾತ್ರಿ ಸ್ವಲ್ಪವಾದರೂ ತಣ್ಣಗಾಗುತ್ತದೆ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಡಿಗ್ರಿ 33-34 ದಾಟದಿದ್ದರೂ ತೇವ ವಿಪರೀತ. ರಾತ್ರಿಯೂ ಬಿಡುವುದಿಲ್ಲ. ನನ್ನನ್ನು ಕೇಳಿದರೆ ಮೈ ಸೋಲುವುದು ಮೇ ತಿಂಗಳಲ್ಲೇ. ಜೂನ್ ಮೊದಲ ವಾರದ ಮಳೆಯೇ ಅದಕ್ಕೆ ಮದ್ದು. ಮಳೆ ಹೋದ ಮೇಲೆ ಅಕ್ಟೋಬರಿನಲ್ಲಿ ಒಂದು ಚಿಕ್ಕ ಬೇಸಿಗೆ ಮತ್ತೆ ಬರುತ್ತದೆ, ಅದನ್ನು ಎಲ್ಲರೂ ಮರೆತಿರುತ್ತಾರೆ.

ಹೀಟ್ ವೇವ್ ಅಂತ ಯಾವಾಗ ಹೇಳ್ತಾರೆ? ಮೇ ತಿಂಗಳಲ್ಲಿ ಸಾಯುವಷ್ಟು ಸೆಕೆ ಇದ್ರೂ ಹೇಳೋದಿಲ್ಲ!

ಭಾರತೀಯ ಹವಾಮಾನ ಇಲಾಖೆಯ ಅಳತೆ ಹೀಗಿದೆ. ಬಯಲು ಪ್ರದೇಶಕ್ಕೆ ಕನಿಷ್ಠ 40 ಡಿಗ್ರಿ, ಕರಾವಳಿಗೆ ಕನಿಷ್ಠ 37. ಜೊತೆಗೆ ಆ ದಿನದ ವಾಡಿಕೆ ಬಿಸಿಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ಒಂದು ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ, ಎರಡು ದಿನ ಸತತವಾಗಿ ಹೀಗೆ ಆದರೆ ಎರಡನೇ ದಿನ ಬಿಸಿಗಾಳಿ ಎಂದು ಘೋಷಿಸುತ್ತಾರೆ. 2025ರ ಫೆಬ್ರವರಿ ಕೊನೆಯಲ್ಲಿ ಕರಾವಳಿ ಕರ್ನಾಟಕಕ್ಕೆ ಇಂಥ ಎಚ್ಚರಿಕೆ ಬಂದಿತ್ತು.

ಈ ಅಳತೆ ಬರೀ ಡಿಗ್ರಿ ನೋಡುತ್ತದೆ. ಹಾಗಾಗಿ ಮೂಡಗಾಳಿಯ ದಿನಗಳು ಸಿಕ್ಕಿಬೀಳುತ್ತವೆ, ಮೇ ತಿಂಗಳ ಸೆಕೆ ತಪ್ಪಿಸಿಕೊಳ್ಳುತ್ತದೆ. ಎಚ್ಚರಿಕೆ ಬಂದಿಲ್ಲ ಅಂದರೆ ಅಪಾಯ ಇಲ್ಲ ಅಂತ ತಿಳಿಯಬೇಡಿ. ಇಲಾಖೆಯ ಮುನ್ಸೂಚನೆಯಲ್ಲಿ 'ಬಿಸಿ ಮತ್ತು ತೇವದ ವಾತಾವರಣ' ಅಂತ ಒಂದು ಸಾಲು ಬರುತ್ತದೆ. ನಮ್ಮವರು ಓದಬೇಕಾದ ಸಾಲು ಅದು.

ಮೊಬೈಲ್ 39 ತೋರಿಸ್ತದೆ, ಪೇಪರಲ್ಲಿ 35 ಅಂತ ಬರ್ತದೆ. ಯಾವುದು ನಂಬೋದು?

ಪೇಪರಿನದ್ದು ಅಳೆದದ್ದು. ಮೊಬೈಲಿನದ್ದು ಹೆಚ್ಚಾಗಿ ಕಂಪ್ಯೂಟರ್ ಲೆಕ್ಕ, ಕೆಲವು ಆ್ಯಪ್‌ಗಳು 'ಅನಿಸುವ ಬಿಸಿ'ಯನ್ನೇ ದೊಡ್ಡದಾಗಿ ತೋರಿಸುತ್ತವೆ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಹೊನ್ನಾವರ, ಶಿರಾಲಿಯಲ್ಲಿ ಹವಾಮಾನ ಇಲಾಖೆಯ ಕೇಂದ್ರಗಳಿವೆ. ಬಿಳಿ ಬಣ್ಣದ, ಸುತ್ತ ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆಯುವುದು ಪದ್ಧತಿ. ಡಾಂಬರು ರಸ್ತೆಯ ಮೇಲೆ ನಿಂತವರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ತಟ್ಟುತ್ತದೆ.

ನಾವು ಶಿರಸಿ, ಸಿದ್ದಾಪುರದವರು. ಘಟ್ಟದ ಮೇಲೆ ಇದೆಲ್ಲ ಎಂತಕ್ಕೆ?

ನಿಮ್ಮಲ್ಲಿ ಸಂಜೆ ತಂಪಾಗುತ್ತದೆ, ಒಪ್ಪಿದೆ. ಆದರೆ ಅದೇ ಕಾರಣಕ್ಕೆ ಮೈಗೆ ಸೆಕೆಯ ರೂಢಿ ಇರುವುದಿಲ್ಲ. ಶಿರಸಿಯಿಂದ ಮೇ ತಿಂಗಳಲ್ಲಿ ಮದುವೆಗೆ ಅಂತ ಅಂಕೋಲಾಕ್ಕೆ ಇಳಿದವರು ಊಟದ ಪಂಕ್ತಿಯಲ್ಲೇ ಸುಸ್ತಾಗುವುದನ್ನು ನೋಡಿದ್ದೇನೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯೂ ಸರಿಯಾಗಿ ಬಿಸಿಲೇರುವ ಕಾಲಕ್ಕೇ. ತಗಡಿನ ಅಂಗಡಿ, ಜನಸಂದಣಿ, ಮಧ್ಯಾಹ್ನದ ಸಾಲು. ಎತ್ತರ ಅಲ್ಲಿ ನಿಮ್ಮನ್ನು ಕಾಯುವುದಿಲ್ಲ. ಇನ್ನು ಮುಂಡಗೋಡ, ಹಳಿಯಾಳದ ಕಡೆ ಬಯಲುಸೀಮೆಯ ಬಿಸಿಲೇ. ಅವರು ನಮ್ಮ ಸೆಕೆಯ ಲೆಕ್ಕ ಬಿಟ್ಟು ಹುಬ್ಬಳ್ಳಿಯ ಲೆಕ್ಕ ಹಿಡಿಯುವುದು ಒಳ್ಳೆಯದು.

## ಮೈ ಮತ್ತು ಮನೆ

ತಲೆ ತಿರುಗಿದ್ರೆ ಸ್ವಲ್ಪ ಮಲಗಿದ್ರೆ ಸಾಕಲ್ವಾ? ಆಸ್ಪತ್ರೆಗೆ ಯಾವಾಗ ಓಡಬೇಕು?

ನಾನೇ ಮಾಡಿದ ತಪ್ಪು ಹೇಳುತ್ತೇನೆ. ಒಂದು ಏಪ್ರಿಲ್‌ನಲ್ಲಿ ನಮ್ಮ ಭಾವ ಮಳೆಗಾಲಕ್ಕೆ ಮುಂಚೆ ಹಂಚು ಸರಿಮಾಡಲು ಮನೆಯ ಮಾಡು (ಸೂರು) ಹತ್ತಿದ್ದರು. ಹನ್ನೆರಡೂವರೆಗೆ ಇಳಿದು ಬಂದು, "ಎಂತ ಇಲ್ಲ, ಸ್ವಲ್ಪ ತಲೆ ತಿರುಗ್ತದೆ" ಅಂದರು. ನಾನು ಬಿಸಿ ಚಾ ಕೊಟ್ಟು, ಒಳಗೆ ಮಲಗಿ ಅಂದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ನನ್ನನ್ನು ಅವರ ತಮ್ಮನ ಹೆಸರಿನಿಂದ ಕರೆಯುತ್ತಿದ್ದಾರೆ. ಇವತ್ತು ಯಾವ ವಾರ ಅಂದರೆ ಸುಮ್ಮನೆ ನಗುತ್ತಾರೆ. ಮೈ ಮುಟ್ಟಿದರೆ ಕಾದ ಕಾವಲಿ. ಅಕ್ಕನೇ ಓಡಿ ಬಂದು, ಅವರನ್ನು ಬಾವಿಕಟ್ಟೆ ಹತ್ತಿರ ಹಲಸಿನ ಮರದ ನೆರಳಿಗೆ ಎಳೆಸಿ, ಕೊಡಗಟ್ಟಲೆ ನೀರು ಸುರಿದಳು. ನಾನು ಅಡಿಕೆ ಹಾಳೆಯಿಂದ ಗಾಳಿ ಹಾಕಿದೆ. ಆಮೇಲೆ ಆಸ್ಪತ್ರೆ. ಉಳಿದರು.

ಗುರುತು ಅಲ್ಲೇ ಇತ್ತು. ಸುಸ್ತು, ತಲೆನೋವು, ಸ್ನಾಯು ಹಿಡಿತ, ವಾಕರಿಕೆ ಇದ್ದು ಮಾತು ಸರಿ ಇದ್ದರೆ ನೆರಳು, ತಣ್ಣೀರು, ಉಪ್ಪು ಹಾಕಿದ ಪಾನಕ, ವಿಶ್ರಾಂತಿ ಸಾಕಾಗಬಹುದು. ಮಾತು ತಡವರಿಸಿದರೆ, ಗೊಂದಲ, ಫಿಟ್ಸ್ ಅಥವಾ ಪ್ರಜ್ಞೆ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಮೈಬಿಸಿ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ದಾಟಿರುತ್ತದೆ. 'ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್' ಅನ್ನುವುದನ್ನು ನಂಬಬೇಡಿ. ಬಿಸಿಲಲ್ಲಿ ದುಡಿಯುತ್ತಿದ್ದವರಿಗೆ ಬೆವರು ಸುರಿಯುತ್ತಿರುವಾಗಲೇ ಅದು ಆಗುತ್ತದೆ.

108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯುತ್ತ ಕೂರಬೇಡಿ. ಬಟ್ಟೆ ಸಡಿಲಿಸಿ, ಇಡೀ ಮೈಗೆ ನೀರು ಸುರಿಯಿರಿ, ಗಾಳಿ ಹಾಕಿ. ಮೀನಿನ ಐಸ್ ಸಿಕ್ಕಿದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಮೈ ಬಿಸಿ ಇದೆ ಅಂದ್ರೆ ಜ್ವರದ ಮಾತ್ರೆ ಕೊಡಬಹುದಲ್ವಾ?

ಬೇಡ. ಜ್ವರ ಬೇರೆ, ಇದು ಬೇರೆ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಸೋತಿರುವ ಲಿವರಿಗೆ ಇನ್ನೊಂದು ಹೊರೆ ಅಷ್ಟೇ.

ಎಳನೀರು, ಮುರುಗಲ (ಕೋಕಂ) ಪಾನಕ ಕುಡಿದ್ರೆ ಆಯ್ತಲ್ಲ, ಒಆರ್‌ಎಸ್ ಯಾಕೆ ಬೇಕು?

ಮಾಮೂಲಿ ದಿನಕ್ಕೆ ನಮ್ಮ ಅಡುಗೆಮನೆ ಸಾಕು. ಉಪ್ಪು ಹಾಕಿದ ಮುರುಗಲ ಪಾನಕ, ನೀರು ಮಜ್ಜಿಗೆ, ಗಂಜಿ ತಿಳಿ, ತಂಬುಳಿ. ಅಪ್ಪೆಹುಳಿಯ ಬಗ್ಗೆ ಹೇಳಿ ಮುಗಿಯದು. ಊಟದ ನಡುವೆ ಲೋಟಗಟ್ಟಲೆ ಕುಡಿಯುವ ಆ ಹುಳಿ-ಉಪ್ಪಿನ ನೀರನ್ನು ಕಂಡುಹಿಡಿದವರಿಗೆ ಬೇಸಿಗೆಯ ಸಂಕಟ ಗೊತ್ತಿರಲೇಬೇಕು!

ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಅಂದರೆ ಉಪ್ಪು. ಇಡೀ ದಿನ ಬೆವರಿದವರಿಗೆ ಬರೀ ಎಳನೀರು ಸಾಲದು. ಕಿಡ್ನಿ ತೊಂದರೆ ಇದ್ದವರಿಗೆ ಎಳನೀರೇ ಅಪಾಯ ಆಗಬಹುದು, ಡಾಕ್ಟರನ್ನು ಕೇಳಿಯೇ ಕುಡಿಯಿರಿ. ಒಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಗೀರಿ ಸಮ ಮಾಡಿ, ರಾಶಿ ಬೇಡ.

ಎಷ್ಟು ಲೀಟರ್ ಕುಡಿಯಬೇಕು ಅಂತ ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ, ಕಡು ಹಳದಿ ಆದರೆ ಕುಡಿದದ್ದು ಸಾಲದು. ಬಿಯರ್ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಕಾರವಾರದ ಗೆಳೆಯರಿಗಾಗಿ ಈ ಮಾತನ್ನು ಬೇರೆಯಾಗಿ ಬರೆದಿದ್ದೇನೆ.

ಅಜ್ಜಿ ಬಾಯಾರಿಕೆಯೇ ಇಲ್ಲ ಅಂತಾರೆ. ಒತ್ತಾಯ ಮಾಡಬೇಕಾ?

ಹೌದು, ಸ್ವಲ್ಪ ಸ್ವಲ್ಪವೇ ಮಾಡಬೇಕು. ವಯಸ್ಸಾದ ಹಾಗೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ, ಬೆವರುವುದೂ ಕಡಿಮೆ. ಜೊತೆಗೆ ಮಾತ್ರೆಗಳು. ಬಿಪಿ, ಹೃದಯಕ್ಕೆ ಕೊಡುವ ಮೂತ್ರ ಹೋಗಿಸುವ ಮಾತ್ರೆ, ಬೀಟಾ ಬ್ಲಾಕರ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಮೈ ತಂಪಾಗುವುದನ್ನು ತಡೆಯುತ್ತವೆ. ನೀವೇ ನಿಲ್ಲಿಸಬೇಡಿ. ಬೇಸಿಗೆ ಶುರುವಾಗುವ ಮೊದಲೇ ಡಾಕ್ಟರ್ ಹತ್ತಿರ ಒಮ್ಮೆ ಕೇಳಿ. ನೀರು ಕಡಿಮೆ ಕುಡಿಯಿರಿ ಅಂತ ಡಾಕ್ಟರೇ ಹೇಳಿದ್ದರೆ ಆ ಮಿತಿ ಎಷ್ಟು ಅಂತಲೂ ಆಗಲೇ ಕೇಳಿ. ಇನ್ಸುಲಿನ್ ಇದ್ದು ಫ್ರಿಜ್ ಇಲ್ಲದ ಮನೆಯಲ್ಲಿ ಅದನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಡಬೇಡಿ. ಒದ್ದೆ ಮಣ್ಣಿನ ಮಡಕೆಯೊಳಗೆ, ನೀರು ತಾಗದ ಹಾಗೆ ಇಟ್ಟರೆ ಬಾಳುತ್ತದೆ.

ಏರ್ ಕೂಲರ್ ತಗೊಂಡೆ, ಸೆಕೆ ಇನ್ನೂ ಜಾಸ್ತಿ ಆಯ್ತು!

ಆಗಲೇಬೇಕು. ಕೂಲರ್ ನೀರು ಆರಿಸಿ ಗಾಳಿ ತಂಪು ಮಾಡುತ್ತದೆ. ನಮ್ಮಲ್ಲಿ ನೀರು ಆರುವುದೇ ಇಲ್ಲವಲ್ಲ! ಕಿಟಕಿ ಮುಚ್ಚಿದ ಕೋಣೆಗೆ ಇನ್ನಷ್ಟು ತೇವ ತುಂಬಿದ ಹಾಗಾಗುತ್ತದೆ. ಕೂಲರ್ ತಂಪು ಮಾಡುತ್ತದೆ ಅನ್ನುವ ಹುಬ್ಬಳ್ಳಿ ಅಂಗಡಿಯವನ ಮಾತು ಹುಬ್ಬಳ್ಳಿಗೆ ಸರಿ. ನಮಗೆ ಫ್ಯಾನೇ ಒಳ್ಳೆಯದು. ಕೋಣೆಯ ಬಿಸಿ 35ಕ್ಕಿಂತ ಕಡಿಮೆ ಇರುವಾಗ ಫ್ಯಾನ್ ಖಂಡಿತ ಉಪಕಾರ. ಮೈಗೆ ಒದ್ದೆ ಬಟ್ಟೆ ಒರೆಸಿಕೊಂಡು ಅದರ ಕೆಳಗೆ ಕೂತರೆ ಇನ್ನೂ ಒಳ್ಳೆಯದು. ಮಾರ್ಚಿನ ಮೂಡಗಾಳಿ ದಿನ ಮಾತ್ರ ಕೂಲರ್ ತನ್ನ ದುಡ್ಡಿಗೆ ಸ್ವಲ್ಪ ನ್ಯಾಯ ಮಾಡಬಹುದು.

ಹಂಚಿನ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದ್ವಿ. ರಾತ್ರಿ ನಿದ್ದೆ ಬರ್ತಿಲ್ಲ, ಏನು ಮಾಡೋದು?

ಕಾಂಕ್ರೀಟು ಹಗಲಿಡೀ ಬಿಸಿ ಕುಡಿದು ರಾತ್ರಿ ಕಾರುತ್ತದೆ. ಹಂಚಿನ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತಿತ್ತು, ಈಗ ದಾರಿ ಇಲ್ಲ. ಸ್ಲ್ಯಾಬಿನ ಮೇಲೆ ಬಿಳಿ ಸುಣ್ಣ ಅಥವಾ ಬಿಸಿಲು ತಿರುಗಿಸುವ ಬಿಳಿ ಪೇಂಟು ಬಳಿಯಿರಿ. ಇಲ್ಲವೇ ಹೆಣೆದ ತೆಂಗಿನ ಗರಿಯನ್ನು ಸ್ಲ್ಯಾಬಿಗೆ ತಾಗದ ಹಾಗೆ, ಒಂದಡಿ ಎತ್ತರದಲ್ಲಿ ಚಪ್ಪರ ಹಾಕಿ. ಮಳೆಗೆ ಅಂತ ಮೇಲೆ ತಗಡು ಹಾಕಿಸುವವರು ನಾಲ್ಕೂ ಕಡೆ ಗಾಳಿಗೆ ಬಿಡಲಿ. ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಬಿಸಿಲು ಬೀಳದ ಹಾಗೆ ನೆರಳು ಮಾಡಿ. ಸ್ಲ್ಯಾಬ್ ಮೇಲೆ ಸಂಜೆ ನೀರು ಸುರಿಯುವುದೂ ಉಂಟು, ಏಪ್ರಿಲ್‌ನಲ್ಲಿ ಬಾವಿ ಒಪ್ಪಬೇಕಷ್ಟೇ.

## ಕೆಲಸ, ತೋಟ, ತಿರುಗಾಟ

ನಮ್ಮ ಕೆಲಸವೇ ಬಿಸಿಲಲ್ಲಿ. ಮನೆಯಲ್ಲಿ ಕೂರಿ ಅಂದ್ರೆ ಹೊಟ್ಟೆಗೆ?

ಸರಿಯಾದ ಪ್ರಶ್ನೆ. '12ರಿಂದ 3ರವರೆಗೆ ಹೊರಗೆ ಬರಬೇಡಿ' ಅನ್ನುವ ಸಲಹೆ ಸಂಬಳದವರಿಗೆ ಬರೆದದ್ದು. ಬೇಸಿಗೆಯಲ್ಲಿ ಸರ್ಕಾರಿ ಕಚೇರಿ ಸಮಯ ಬೆಳಿಗ್ಗೆಗೆ ಬದಲಾಗುವುದೂ ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಗೆ. ನಮಗಲ್ಲ. ಒಣಮೀನು ಮಾಡುವ ಹೆಂಗಸರಿಗೆ, ಸಾಣಿಕಟ್ಟೆಯ ಉಪ್ಪಿನ ಆಗರದವರಿಗೆ ಬಿಸಿಲೇ ಬಂಡವಾಳ. ನಮ್ಮನ್ನು ಸುಡುವ ಒಣ ಮೂಡಗಾಳಿ ಆಗರದಲ್ಲಿ ಉಪ್ಪು ಬೇಗ ಹರಳುಗಟ್ಟಿಸುತ್ತದೆ.

ಹಾಗಾಗಿ ಮಾಡಬಹುದಾದದ್ದು ಇಷ್ಟು. ಮೀನು ಹರಡುವುದು, ಉಪ್ಪು ಎಳೆಯುವುದು ಬೆಳಿಗ್ಗೆ ಮತ್ತು ಇಳಿಹೊತ್ತಿಗೆ. ನಡುವೆ ಕಾವಲು ಮಾತ್ರ, ಅದೂ ನೆರಳಿನಲ್ಲಿ. ಒಬ್ಬರೇ ಕೆಲಸ ಮಾಡಬೇಡಿ, ಮಾತು ತಪ್ಪಿದ್ದನ್ನು ಗುರುತಿಸಲು ಇನ್ನೊಬ್ಬರು ಬೇಕು. ಇನ್ನೊಂದು ಮಾತು ಮೇಸ್ತ್ರಿಗಳಿಗೆ. ಹೊಸಬರಿಗೆ, ರಜೆ ಮುಗಿಸಿ ಬಂದವರಿಗೆ ಮೊದಲ ದಿನವೇ ಪೂರ್ತಿ ಕೆಲಸ ಹೇರಬೇಡಿ. ಬಿಸಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಮೊದಲ ಕೆಲವು ದಿನಗಳೇ ಅತಿ ಅಪಾಯದವು.

ಅಡಿಕೆ ಮರದ ಕಾಂಡ ಒಂದೇ ಕಡೆ ಸುಟ್ಟ ಹಾಗೆ ಆಗ್ತದೆ. ರೋಗವಾ?

ಹೆಚ್ಚಾಗಿ ಬಿಸಿಲ ಹೊಡೆತ. ನೈಋತ್ಯ ದಿಕ್ಕಿನಿಂದ ಬೀಳುವ ಮಧ್ಯಾಹ್ನದ ಬಿಸಿಲು ಕಾಂಡವನ್ನು ಸುಡುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಅಲ್ಲೇ ಸೀಳಿ ಮಳೆಗಾಲದ ಗಾಳಿಗೆ ಮುರಿಯುತ್ತದೆ. ಮಳೆ ಮುಗಿದ ಮೇಲೆ ಆ ಬದಿಗೆ ಸೋಗೆ ಅಥವಾ ಹಾಳೆ ಕಟ್ಟಿ, ಇಲ್ಲವೇ ಸುಣ್ಣ ಬಳಿಯಿರಿ. ತೋಟದ ಪಶ್ಚಿಮ, ದಕ್ಷಿಣದ ಅಂಚಿನಲ್ಲಿ ಎತ್ತರದ ಮರ ಕಡಿಯುವ ಮುಂಚೆ ಎರಡು ಸಲ ಯೋಚಿಸಿ. ಬುಡಕ್ಕೆ ದರಕಿನ (ಒಣ ಎಲೆಯ) ಹೊದಿಕೆ ಹಾಕುವುದನ್ನು ಶಿರಸಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಬಿಸಿಲಿಗೆ ಪೆಟ್ರೋಲ್ ಟ್ಯಾಂಕ್ ಫುಲ್ ಮಾಡಿದ್ರೆ ಸ್ಫೋಟ ಆಗ್ತದಂತೆ?

ಸುಳ್ಳು. ಪ್ರತಿ ಬೇಸಿಗೆಗೂ ಈ ಮೆಸೇಜು ವಲಸೆ ಹಕ್ಕಿಯ ಹಾಗೆ ಬರುತ್ತದೆ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಗಾಳಿ ತಟ್ಟುವುದಿಲ್ಲ ಅನ್ನುವುದೂ ಅದೇ ಜಾತಿ. ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಬಿಟ್ಟು ಹೋಗುವುದು ಮಾತ್ರ ನಿಜವಾದ ಅಪಾಯ, ಹತ್ತು ನಿಮಿಷಕ್ಕೂ ಬೇಡ.

ಮೇ ತಿಂಗಳಲ್ಲಿ ಗೋಕರ್ಣಕ್ಕೆ ಬಂದು ಬೀಚ್ ಟ್ರೆಕ್ ಮಾಡಬಹುದಾ?

ಬನ್ನಿ, ಬೆಳಿಗ್ಗೆ ಆರಕ್ಕೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿ. ಗುಡ್ಡದ ಮೇಲಿನ ಕಲ್ಲುಹಾಸಿನಲ್ಲಿ ನೆರಳು ಇಲ್ಲ. ಬೆಂಗಳೂರಿನ ಮೈಗೆ ಈ ಸೆಕೆ ಹೊಸದು ಅನ್ನುವುದನ್ನು ಮರೆಯಬೇಡಿ.

## ಇನ್ನೂ ಸ್ವಲ್ಪ ಆಳಕ್ಕೆ

ವೆಟ್ ಬಲ್ಬ್ ಅಂತ ಏನೋ ಹೇಳ್ತಾರಲ್ಲ, ಅದು ಎಂತದು?

ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಕಿದರೆ ಅದು ಎಲ್ಲಿಯವರೆಗೆ ಇಳಿಯುತ್ತದೋ ಅದೇ ವೆಟ್ ಬಲ್ಬ್ ಬಿಸಿ. ಅಂದರೆ ಬೆವರಿನಿಂದ ನಮ್ಮ ಚರ್ಮ ಹೆಚ್ಚೆಂದರೆ ಎಷ್ಟು ತಂಪಾಗಬಹುದು ಅನ್ನುವುದರ ಲೆಕ್ಕ. ಕಲಬುರಗಿಯ 42 ಡಿಗ್ರಿ, ಶೇ. 15 ತೇವಕ್ಕೆ ಅದು ಸುಮಾರು 22. ನಮ್ಮ 34 ಡಿಗ್ರಿ, ಶೇ. 70 ತೇವಕ್ಕೆ ಸುಮಾರು 29! ಮೊದಲ ಪ್ರಶ್ನೆಯ ಪೂರ್ತಿ ಉತ್ತರ ಈ ಎರಡು ಅಂಕಿಗಳಲ್ಲಿದೆ.

35 ಮುಟ್ಟಿದರೆ ಆರೋಗ್ಯವಂತರೂ ಕೆಲವೇ ಗಂಟೆ ಬದುಕಬಹುದು ಅನ್ನುವುದು ಹಳೆಯ ಲೆಕ್ಕ. ಈಚೆಗೆ ಪ್ರಯೋಗಾಲಯದಲ್ಲಿ ಗಟ್ಟಿ ಯುವಜನರ ಮೇಲೆ ಪರೀಕ್ಷೆ ಮಾಡಿದಾಗ, ತೇವದ ಗಾಳಿಯಲ್ಲಿ 31ರ ಸುಮಾರಿಗೇ ಮೈಬಿಸಿ ಹಿಡಿತ ತಪ್ಪಿ ಏರತೊಡಗಿತು. ವಯಸ್ಸಾದವರಿಗೆ ಇನ್ನೂ ಕಡಿಮೆ. 29 ಅನ್ನುವುದು ಅಷ್ಟು ದೂರದ ಅಂಕಿ ಅಲ್ಲ.

ಮೊದಲಿಗಿಂತ ಸೆಕೆ ಜಾಸ್ತಿ ಆಗಿದೆಯಾ, ಸುಮ್ನೆ ನಮಗೆ ವಯಸ್ಸಾಗ್ತಿದೆಯಾ?

ಎರಡೂ ಆಗುತ್ತಿದೆ. 1901ರಿಂದ ಇಟ್ಟ ದಾಖಲೆಯಲ್ಲಿ ಭಾರತಕ್ಕೆ 2024 ಅತಿ ಬಿಸಿಯ ವರ್ಷ. 2025ರ ಫೆಬ್ರವರಿ ಅತಿ ಬಿಸಿಯ ಫೆಬ್ರವರಿ. ಅರಬ್ಬಿ ಸಮುದ್ರವೂ ಕಾಯುತ್ತಿದೆ. ಕಡಲು ಬಿಸಿಯಾದಷ್ಟೂ ಗಾಳಿಗೆ ತೇವ ಜಾಸ್ತಿ, ಪಡುಗಾಳಿಯ ತಂಪು ಕಡಿಮೆ. ನಮಗೆ ಎರಡು ಕಡೆಯಿಂದಲೂ ಪೆಟ್ಟು. ಊರಿನೊಳಗೆ ಇನ್ನೊಂದು ಕಾರಣವೂ ಇದೆ. ಹೆದ್ದಾರಿ ಅಗಲ ಮಾಡುವಾಗ ಹೋದ ಸಾಲುಮರಗಳ ಜಾಗದಲ್ಲಿ ಈಗ ಕಾಂಕ್ರೀಟು ಇದೆ. ಬಸ್ಸಿಗೆ ಕಾಯುವವರಿಗೆ ಅಂಕಿ-ಸಂಖ್ಯೆ ಬೇಕಾಗಿಲ್ಲ.

ಇವತ್ತು ಕೆಟ್ಟ ದಿನ ಆಗ್ತದಾ ಅಂತ ಬೆಳಿಗ್ಗೆಯೇ ನಾವೇ ತಿಳಿಯೋದು ಹೇಗೆ?

ನಾನು ಮಾಡುವುದು ಹೇಳುತ್ತೇನೆ. ಜಗಲಿಯ ನೆರಳಿನಲ್ಲಿ ಎರಡು ಥರ್ಮಾಮೀಟರ್ ತೂಗುಹಾಕಿದ್ದೇನೆ. ಒಂದರ ಬುಡಕ್ಕೆ ಹಳೇ ಪಂಚೆಯ ಚೂರು ಸುತ್ತಿ, ಅದರ ತುದಿ ಲೋಟದ ನೀರಿನಲ್ಲಿ ಮುಳುಗಿಸಿದ್ದೇನೆ. ಅಂಗಳದ ಹಗ್ಗಕ್ಕೆ ಒಂದು ರಿಬ್ಬನ್ ಕಟ್ಟಿದ್ದೇನೆ. ಒಂಬತ್ತು ಗಂಟೆಗೆ ಮೂರನ್ನೂ ನೋಡುತ್ತೇನೆ.

ರಿಬ್ಬನ್ ಕಡಲ ಕಡೆ ಜೋರಾಗಿ ಹಾರುತ್ತಿದ್ದು, ಎರಡು ಥರ್ಮಾಮೀಟರುಗಳ ನಡುವೆ ಎಂಟು-ಹತ್ತು ಡಿಗ್ರಿ ಅಂತರ ಇದ್ದರೆ ಅದು ಮೂಡಗಾಳಿಯ ದಿನ. ಒಣ ಬಿಸಿ, ತುಟಿ ಒಡೆಯುತ್ತದೆ, ಬೆಟ್ಟದಲ್ಲಿ ಬೆಂಕಿ ಬೀಳುವ ಭಯ. ಅಂಥ ದಿನ ಕಸಕ್ಕೂ ಬೆಂಕಿ ಹಾಕುವುದಿಲ್ಲ, ಪಡುಗಾಳಿ ಬರುವವರೆಗೆ ಪೂರ್ವದ ಕಿಟಕಿ ಮುಚ್ಚಿರುತ್ತದೆ. ರಿಬ್ಬನ್ ಅಲ್ಲಾಡದೆ ಇದ್ದು, ಅಂತರ ಮೂರು-ನಾಲ್ಕೇ ಇದ್ದರೆ ಅದು ಸೆಕೆಯ ದಿನ. ಆಗ ಕಿಟಕಿ ಎಲ್ಲ ತೆಗೆಯುತ್ತೇನೆ, ತೋಟದ ಕೆಲಸ ಹತ್ತಕ್ಕೇ ನಿಲ್ಲಿಸುತ್ತೇನೆ. ಒದ್ದೆ ಥರ್ಮಾಮೀಟರ್ 28 ದಾಟಿದರೆ ಆ ದಿನ ಭಾವನಿಗೆ ಫೋನ್ ಮಾಡಿ, ಮಾಡು ಹತ್ತಬೇಡಿ ಅನ್ನುತ್ತೇನೆ. ಅವರು ಹತ್ತಿಯೇ ಇರುತ್ತಾರೆ. ಅಕ್ಕ ಏಣಿ ತೆಗೆದಿಟ್ಟ ಮೇಲೆ ಈಗ ಸ್ವಲ್ಪ ಕಡಿಮೆ.